ಮಕ್ಕಳಿಗೆ ಸರ್ಪಸುತ್ತು: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳಿಗೆ ಏಳು ವರ್ಷ ಇದ್ದಾಗ ಬೆನ್ನಿನಿಂದ ಹೊಟ್ಟೆಯ ಕಡೆಗೆ, ಎಡಗಡೆ ಮಾತ್ರ, ಸಾಲಾಗಿ ಗುಳ್ಳೆ ಎದ್ದವು. ನಾನು ಬೆವರುಸಾಲೆ ಅಂದುಕೊಂಡು ಪೌಡರ್ ಹಾಕಿದೆ. ಮಾರನೆಯ ದಿನ ನಮ್ಮತ್ತೆ ಸ್ನಾನ ಮಾಡಿಸುವಾಗ ನೋಡಿ, "ಇದು ಸರ್ಪಸುತ್ತು ಕಣೇ" ಅಂದರು. ಇಷ್ಟು ಚಿಕ್ಕವರಿಗೆ ಎಲ್ಲಿ ಬರುತ್ತೆ ಅಂತ ನಾನು ವಾದಕ್ಕೆ ನಿಂತೆ. ಸಂಜೆ ಮಕ್ಕಳ ಡಾಕ್ಟರು ನೋಡಿ ಹೇಳಿದ್ದೂ ಅದನ್ನೇ. ಆಮೇಲಿನ ಮೂರು ವಾರ ನೆಂಟರು, ಅಕ್ಕಪಕ್ಕದವರು, ಶಾಲೆಯ ಬೇರೆ ಅಮ್ಮಂದಿರು ಒಬ್ಬರಾದ ಮೇಲೆ ಒಬ್ಬರು ಕೇಳಿದ್ದನ್ನೇ ಕೇಳಿದರು. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಕೇಳಿ, ಓದಿ ತಿಳಿದುಕೊಂಡದ್ದು ಇದು. ನಿಮ್ಮ ಮಗುವಿನ ಔಷಧಿಯನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಸರ್ಪಸುತ್ತು ಅಂದರೆ ಏನು? ಹಾವಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇಲ್ಲ. ಗುಳ್ಳೆಗಳು ಸೊಂಟವನ್ನು ಹಾವು ಬಳಸಿದ ಹಾಗೆ ಕಾಣುತ್ತವೆ, ಹೆಸರು ಅಲ್ಲಿಂದ ಬಂತು. ಇಂಗ್ಲಿಷಿನ ಶಿಂಗಲ್ಸ್ ಅನ್ನೋ ಹೆಸರೂ ನಡುಪಟ್ಟಿ ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. ಅವರಿಗೆ ಬೆಲ್ಟು ಕಂಡಿತು, ನಮಗೆ ಹಾವು ಕಂಡಿತು, ಅಷ್ಟೇ.

ಇದನ್ನು ತರುವುದು ವ್ಯಾರಿಸೆಲ್ಲಾ ಜೋಸ್ಟರ್ ಅನ್ನುವ ವೈರಸ್. ಚಿಕನ್ ಪಾಕ್ಸ್ ತರುವುದೂ ಇದೇ. ನಮ್ಮ ಕಡೆ "ಅಮ್ಮ ಬಂದಿದೆ" ಅನ್ನುತ್ತೇವಲ್ಲ, ಪಠ್ಯಪುಸ್ತಕದಲ್ಲಿ ಸೀತಾಳೆ ಸಿಡುಬು ಅಂತ ಇರುತ್ತಲ್ಲ, ಅದು. (ಹಳೆಯ ಕಾಲದ ದೊಡ್ಡ ಸಿಡುಬು ಬೇರೆ ವೈರಸ್ಸಿನದು. ಅದು ಭಾರತದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆಯಾದದ್ದು 1980ರಲ್ಲಿ. ಹೆಸರು ಒಂದೇ ಥರ ಇರೋದರಿಂದ ಅಜ್ಜಿಯರು ಇವತ್ತಿಗೂ ಬೆಚ್ಚುತ್ತಾರೆ.)

ಚಿಕನ್ ಪಾಕ್ಸ್ ವಾಸಿಯಾಗುತ್ತದೆ, ಆದರೆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ ನರಗಳ ಸಣ್ಣ ಸಣ್ಣ ಗಂಟುಗಳಿವೆ. ಅಲ್ಲಿ ಸೇರಿಕೊಂಡು ಸುಮ್ನೆ ಮಲಗಿರುತ್ತದೆ. ಕೆಲವರಲ್ಲಿ ಐವತ್ತು ವರ್ಷ ಮಲಗಿರುತ್ತದೆ. ಬಹಳ ಜನರಲ್ಲಿ ಏಳುವುದೇ ಇಲ್ಲ. ಮೈಯ ಕಾವಲು ಸಡಿಲವಾದಾಗ ಎಲ್ಲೋ ಒಂದು ಗಂಟಿನಲ್ಲಿ ಎದ್ದು, ಆ ನರ ಹಿಡಿದುಕೊಂಡು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು.

ಇದು ವಯಸ್ಸಾದವರ ಕಾಯಿಲೆ ಅಲ್ವಾ? ಮಕ್ಕಳಿಗೆ ಯಾಕೆ?

ಐವತ್ತು ದಾಟಿದವರಿಗೇ ಜಾಸ್ತಿ. ಮಕ್ಕಳಲ್ಲಿ ಕಡಿಮೆ, ಆದರೆ ಬರುವುದೇ ಇಲ್ಲ ಅಂತಲ್ಲ. ಹುಟ್ಟಿದ ಮೊದಲ ವರ್ಷದೊಳಗೇ ಚಿಕನ್ ಪಾಕ್ಸ್ ಆಗಿದ್ದ ಮಕ್ಕಳಿಗೆ ಸಂಭವ ಹೆಚ್ಚು. ಆ ವಯಸ್ಸಿನಲ್ಲಿ ಮೈಯ ರಕ್ಷಣಾ ಪಡೆ ಇನ್ನೂ ಎಳಸು. ವೈರಸ್ಸಿನ ಗುರುತನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡಿರುವುದಿಲ್ಲ. ಹಾಗಾಗಿ ಐವತ್ತು ವರ್ಷ ಕಾಯಬೇಕಾಗಿದ್ದ ವೈರಸ್ ಐದಾರು ವರ್ಷಕ್ಕೇ ಏಳುತ್ತದೆ.

ನಮ್ಮ ಮಗಳದ್ದು ಇದೇ ಕಥೆ. ಎಂಟು ತಿಂಗಳ ಕೂಸಿದ್ದಾಗ ಮೈಮೇಲೆ ಹತ್ತು ಹದಿನೈದು ಗುಳ್ಳೆ ಎದ್ದು ಹೋಗಿದ್ದವು. ಡಾಕ್ಟರು ಕೇಳಿದಾಗ ನನಗೆ ನೆನಪೇ ಬರಲಿಲ್ಲ. ಬೇವಿನ ಸೊಪ್ಪು ಕಟ್ಟಿದ್ದನ್ನು ನಮ್ಮತ್ತೆ ನೆನಪಿಸಿದರು.

ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವ ಮಕ್ಕಳು, ಅಂಗಾಂಗ ಕಸಿ ಆದವರು, ಎಚ್‌ಐವಿ ಇರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ಇವರಿಗೂ ಸಂಭವ ಹೆಚ್ಚು. ಕಾಯಿಲೆ ಜೋರಾಗಿ ಬರುವುದೂ ಇವರಿಗೇ.

ನಮ್ಮ ಮಗುವಿಗೆ ಅಮ್ಮ ಬಂದೇ ಇಲ್ಲ. ಆದರೂ ಸರ್ಪಸುತ್ತು ಅಂತಿದ್ದಾರೆ. ಅದು ಹೇಗೆ?

ಮೂರು ದಾರಿ ಇವೆ. ಚಿಕನ್ ಪಾಕ್ಸ್ ಬಂದಿರಬಹುದು, ನಾಲ್ಕೇ ಗುಳ್ಳೆ ಎದ್ದು ಸೊಳ್ಳೆ ಕಚ್ಚಿದ್ದು ಅಂತ ನೀವು ಬಿಟ್ಟಿರಬಹುದು. ಇಲ್ಲವೇ ತಾಯಿಗೆ ಬಸುರಿಯಲ್ಲಿ ಬಂದಿರಬಹುದು. ಆಗ ವೈರಸ್ ಹೊಟ್ಟೆಯಲ್ಲೇ ಕೂಸಿಗೆ ದಾಟಿರುತ್ತದೆ. ಅಂಥ ಮಕ್ಕಳಿಗೆ ಚಿಕನ್ ಪಾಕ್ಸ್ ಕಾಣಿಸಿಕೊಳ್ಳದೆ ಒಂದೆರಡು ವರ್ಷದೊಳಗೆ ನೇರವಾಗಿ ಸರ್ಪಸುತ್ತೇ ಆಗುವುದುಂಟು. ಮೂರನೆಯದು ಲಸಿಕೆ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ನೋಡಿ ಗುರುತಿಸುವುದು ಹೇಗೆ?

ಒಂದೇ ಪಕ್ಕದಲ್ಲಿ, ಪಟ್ಟಿಯ ಹಾಗೆ. ಇದು ಮೊದಲ ಸುಳಿವು. ಎದೆ, ಬೆನ್ನು, ಹೊಟ್ಟೆಯ ಭಾಗದಲ್ಲಿ ಜಾಸ್ತಿ. ತೊಡೆ, ತೋಳು, ಮುಖದಲ್ಲೂ ಬರಬಹುದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಆ ಜಾಗ ಉರಿಯುತ್ತದೆ, ಚುಚ್ಚುತ್ತದೆ, ಕೆಲವು ಮಕ್ಕಳಿಗೆ ಬರೀ ತುರಿಕೆ. ನಮ್ಮವಳು ಎರಡು ದಿನ "ಹೊಟ್ಟೆ ನೋವು" ಅಂದಳು. ಶಾಲೆ ತಪ್ಪಿಸಲು ನಾಟಕ ಅಂತ ಬೈದು ಕಳಿಸಿದ್ದೆ. ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಆಮೇಲೆ ಆ ಜಾಗ ಕೆಂಪಾಗಿ, ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ಮೂರು ನಾಲ್ಕು ದಿನ ಹೊಸ ಗುಳ್ಳೆ ಬರುತ್ತಿರುತ್ತವೆ. ಏಳರಿಂದ ಹತ್ತು ದಿನದಲ್ಲಿ ಒಣಗಿ ಹಕ್ಕಳೆ ಕಟ್ಟುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಹಕ್ಕಳೆ ಉದುರುತ್ತದೆ. ಸಣ್ಣ ಜ್ವರ, ತಲೆನೋವು, ಸುಸ್ತು ಜೊತೆಗಿರಬಹುದು.

ಇದೇ ಥರ ಕಾಣುವ ಬೇರೆಯವೂ ಇವೆ. ಮಳೆಗಾಲದ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಹುಳಗಳಲ್ಲಿ ಒಂದು ಸಣ್ಣ, ಉದ್ದನೆಯ, ಕಪ್ಪು ಕಿತ್ತಳೆ ಪಟ್ಟೆಯ ಹುಳ ಇದೆ. ಮೈಮೇಲೆ ಕೂತದ್ದನ್ನು ಉಜ್ಜಿ ಸಾಯಿಸಿದರೆ ಅದರ ರಸ ತಾಗಿದ ಕಡೆಯೆಲ್ಲ ಸುಟ್ಟ ಹಾಗೆ ಗೆರೆಯಾಗಿ ಗುಳ್ಳೆ ಬರುತ್ತದೆ. ಎಷ್ಟೋ ಜನ ಇದನ್ನೇ ಸರ್ಪಸುತ್ತು ಅಂತ ಹೆದರುತ್ತಾರೆ. ಚರ್ಮಕ್ಕೆ ಬೇರೆ ಸೋಂಕು ತಗುಲಿದ ಕಜ್ಜಿಯೂ ಹೀಗೆ ಕಾಣಬಹುದು. ಮೊಬೈಲ್ ಫೋಟೋ ನೋಡಿ ನಾವೇ ತೀರ್ಮಾನ ಮಾಡೋದು ಬೇಡ. ಅನುಭವ ಇರುವ ಡಾಕ್ಟರು ಸಾಮಾನ್ಯವಾಗಿ ಕಣ್ಣಲ್ಲಿ ನೋಡಿಯೇ ಹೇಳುತ್ತಾರೆ. ಅನುಮಾನ ಇದ್ದರೆ ಗುಳ್ಳೆಯ ನೀರನ್ನು ಪರೀಕ್ಷೆಗೆ ಕಳಿಸುತ್ತಾರೆ.

ಹಾವಿನ ತಲೆ ಬಾಲ ಕೂಡಿದರೆ ಪ್ರಾಣವೇ ಹೋಗುತ್ತೆ ಅಂತಾರೆ. ನಿಜಾನಾ?

ಸುಳ್ಳು. ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಒಬ್ಬರಂತೂ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಟೇಪ್ ಹಿಡಿದು ಅಳೆದಿರಾ?" ಅಂತ ಕೇಳಿದರು.

ಬೆನ್ನುಮೂಳೆಯಿಂದ ನರಗಳು ಜೋಡಿ ಜೋಡಿಯಾಗಿ ಹೊರಡುತ್ತವೆ, ಎಡಕ್ಕೊಂದು ಬಲಕ್ಕೊಂದು. ಇಂಥ 31 ಜೋಡಿ ಇವೆ. ಹೊಲಕ್ಕೆ ಬದು ಹಾಕಿದ ಹಾಗೆ, ಒಂದೊಂದು ನರಕ್ಕೂ ಚರ್ಮದ ಒಂದೊಂದು ಪಟ್ಟಿ. ಎಡಗಡೆಯ ನರದ ಪಟ್ಟಿ ಹೊಟ್ಟೆಯ ನಡುಗೆರೆಗೆ ಬಂದು ಮುಗಿಯುತ್ತದೆ. ವೈರಸ್ ಎದ್ದದ್ದು ಎಡಗಡೆಯ ಗಂಟಿನಲ್ಲಿ. ಹಾಗಾಗಿ ಗುಳ್ಳೆಯೂ ನಡುಗೆರೆಯ ಹತ್ತಿರ ನಿಂತುಬಿಡುತ್ತದೆ. ಸುತ್ತು ಪೂರ್ತಿಯಾಗುವ ದಾರಿಯೇ ಇಲ್ಲ.

ತೀರಾ ಅಪರೂಪಕ್ಕೆ ಎರಡೂ ಕಡೆ ಬರಬಹುದು, ಅಥವಾ ಮೈತುಂಬ ಹರಡಬಹುದು. ರೋಗ ತಡೆಯುವ ಶಕ್ತಿ ತುಂಬಾ ಕುಗ್ಗಿದವರಲ್ಲಿ ಹೀಗಾಗುತ್ತದೆ. ಆಗ ಆಸ್ಪತ್ರೆಗೆ ಸೇರಿಸಬೇಕು. ಹಳಬರು ಅಂಥ ಒಬ್ಬಿಬ್ಬರು ರೋಗಿಗಳನ್ನು ನೋಡಿಯೇ ಈ ಮಾತು ಹುಟ್ಟಿಸಿರಬಹುದು ಅಂತ ನನ್ನ ಊಹೆ. ಆದರೂ ಅಪಾಯ ಇದ್ದದ್ದು ಕುಗ್ಗಿದ ಶಕ್ತಿಯಲ್ಲಿ. ತಲೆಗೂ ಬಾಲಕ್ಕೂ ಅಲ್ಲ.

ಕೆಮ್ಮಣ್ಣು ಹಚ್ಚಿಸಬಹುದಾ? ನಮ್ಮೂರಲ್ಲಿ ಮಂತ್ರ ಹಾಕುವವರಿದ್ದಾರೆ.

ಕರಾವಳಿ, ಮಲೆನಾಡಿನಲ್ಲಷ್ಟೇ ಅಲ್ಲ, ಬಯಲುಸೀಮೆಯಲ್ಲೂ ಈ ರೂಢಿ ಇದೆ. ಗುಳ್ಳೆಯ ಸುತ್ತ ಕೆಮ್ಮಣ್ಣಿನಲ್ಲಿ ಗೆರೆ ಹಾಕುವುದು, ಗರಿಕೆ ಅರೆದು ಹಚ್ಚುವುದು, ಮಂತ್ರಿಸುವುದು. "ನಮ್ಮ ಮಾವನಿಗೆ ಅದರಲ್ಲೇ ವಾಸಿಯಾಯ್ತು" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. ವಾಸಿಯಾಗಿರುತ್ತದೆ. ಏನೂ ಹಚ್ಚದೇ ಇದ್ದರೂ ಮೂರು ವಾರಕ್ಕೆ ವಾಸಿಯಾಗುತ್ತಿತ್ತು.

ಮಂತ್ರಕ್ಕೆ, ಹರಕೆಗೆ ನನ್ನ ತಕರಾರಿಲ್ಲ. ನಮ್ಮತ್ತೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು, ದೀಪಾವಳಿ ರಜೆಯಲ್ಲಿ ಹೋಗಿಯೂ ಬಂದೆವು. ಅದರಿಂದ ಅವರ ಮನಸ್ಸಿಗೆ ಸಮಾಧಾನ. ತಕರಾರು ಇರೋದು ಮಣ್ಣಿಗೆ. ಗುಳ್ಳೆ ಒಡೆದರೆ ಅದು ತೆರೆದ ಗಾಯ. ಅದಕ್ಕೆ ಮಣ್ಣು, ಸೊಪ್ಪಿನ ರಸ ಮೆತ್ತಿದರೆ ಬೇರೆ ಸೋಂಕು ಸೇರಿಕೊಂಡು ಕೀವಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ದಿನಗಳದ್ದು. ಈ ಕಾಯಿಲೆಯ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಶುರು ಮಾಡಿದರೆ. ಮೂರು ದಿನ ಮಣ್ಣು ಹಚ್ಚಿಸಿಕೊಂಡು ನಾಲ್ಕನೆಯ ದಿನ ಆಸ್ಪತ್ರೆಗೆ ಬಂದರೆ ಆ ಹೊತ್ತು ಮೀರಿರುತ್ತದೆ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಬನ್ನಿ, ಸಂಜೆ ದೇವರಿಗೆ ಕೈಮುಗಿಯಿರಿ.

ಡಾಕ್ಟರ ಚೀಟಿಯಲ್ಲಿ "ಹರ್ಪಿಸ್" ಅಂತ ಇದೆ. ಇದು ಆ ಕೆಟ್ಟ ರೋಗಾನಾ?

ಅಲ್ಲ. ಪೂರ್ತಿ ಹೆಸರು ಹರ್ಪಿಸ್ ಜೋಸ್ಟರ್. ಹರ್ಪಿಸ್ ಅನ್ನುವುದು ಒಂದು ದೊಡ್ಡ ವೈರಸ್ ಕುಟುಂಬದ ಮನೆತನದ ಹೆಸರು ಇದ್ದ ಹಾಗೆ. ಲೈಂಗಿಕವಾಗಿ ಹರಡುವ ಹರ್ಪಿಸ್ ಅದೇ ಕುಟುಂಬದ ಬೇರೆ ವೈರಸ್. ಇಂಟರ್ನೆಟ್ಟಿನಲ್ಲಿ ಅರ್ಧ ಹೆಸರು ಹಾಕಿ ಹುಡುಕಿ ಗಾಬರಿಯಾಗಬೇಡಿ. ನಮ್ಮ ಮನೆಯವರು ಅದನ್ನೇ ಮಾಡಿ ಒಂದು ರಾತ್ರಿ ನಿದ್ದೆ ಕೆಟ್ಟರು.

ಚಿಕಿತ್ಸೆ ಏನು?

ವೈರಸ್ಸಿನ ಓಟ ತಡೆಯುವ ಔಷಧಿ ಅಸೈಕ್ಲೊವಿರ್. ಮಾತ್ರೆಯೂ ಇದೆ, ಸಿರಪ್ಪೂ ಇದೆ. ದಿನಕ್ಕೆ ನಾಲ್ಕೈದು ಸಲ ಕೊಡಬೇಕಾಗುತ್ತದೆ. ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ, ಹಾಗಾಗಿ ತಾತನಿಗೆ ಬರೆದುಕೊಟ್ಟ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ. ಔಷಧಿ ನಡೆಯುವಾಗ ನೀರು, ಎಳನೀರು, ಮಜ್ಜಿಗೆ ಚೆನ್ನಾಗಿ ಕುಡಿಸಿ.

ಎಲ್ಲ ಮಕ್ಕಳಿಗೂ ಈ ಔಷಧಿ ಬೇಕೇ ಬೇಕು ಅಂತಿಲ್ಲ. ಆರೋಗ್ಯವಾಗಿರುವ ಮಗು, ಬೆನ್ನ ಮೇಲೆ ನಾಲ್ಕು ಗುಳ್ಳೆ, ನೋವೂ ಅಷ್ಟಿಲ್ಲ ಅಂದರೆ ಡಾಕ್ಟರು ಸುಮ್ಮನೆ ನೋಡೋಣ ಅನ್ನಬಹುದು. ಔಷಧಿ ಬರೆದುಕೊಡಲಿಲ್ಲ ಅಂತ ಅವರ ಮೇಲೆ ಅನುಮಾನ ಪಡಬೇಡಿ. ಮುಖದ ಮೇಲೆ ಬಂದಿದ್ದರೆ, ನೋವು ಜಾಸ್ತಿ ಇದ್ದರೆ, ರೋಗ ತಡೆಯುವ ಶಕ್ತಿ ಕಡಿಮೆ ಇದ್ದರೆ ಕೊಡಲೇಬೇಕು. ಕೆಲವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ.

ಬರೀ ಮುಲಾಮು ಹಚ್ಚಿದರೆ ಪ್ರಯೋಜನ ಕಮ್ಮಿ. ಇನ್ನೊಂದು ಮಾತು. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಒಂದು ಕ್ರೀಮ್ ಕೊಡಿ" ಅಂದರೆ ಹುಳುಕಡ್ಡಿಯ ಟ್ಯೂಬ್ ಕೈಗೆ ಬರುತ್ತದೆ. ಅದರಲ್ಲಿ ಬಹಳಷ್ಟು ಸಲ ಸ್ಟೀರಾಯ್ಡ್ ಸೇರಿರುತ್ತದೆ. ವೈರಸ್ ಎದ್ದಿರುವ ಚರ್ಮಕ್ಕೆ ಅದನ್ನು ಹಚ್ಚಬಾರದು.

ನೋವಿಗೂ ತುರಿಕೆಗೂ ಮನೆಯಲ್ಲಿ ಏನು ಮಾಡಬಹುದು?

ನೋವು, ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ತಣ್ಣೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಇಟ್ಟರೆ ಉರಿ ಇಳಿಯುತ್ತದೆ. ಕ್ಯಾಲಮೈನ್ ಲೋಷನ್ ಹಚ್ಚಬಹುದು, ಕಣ್ಣಿನ ಹತ್ತಿರ ಮಾತ್ರ ಬೇಡ. ಉಗುರು ಕತ್ತರಿಸಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ನಮ್ಮವಳಿಗೆ ಅಪ್ಪನ ಹಳೆ ಬನಿಯನ್ನೇ ಎಲ್ಲಕ್ಕಿಂತ ಹಿತವಾಗಿತ್ತು.

ಆಸ್ಪಿರಿನ್ ಬೇಡವೇ ಬೇಡ, ಡಿಸ್ಪ್ರಿನ್ ಕೂಡ ಅದೇ. ಈ ವೈರಸ್ ಇರುವಾಗ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ರೇ ಸಿಂಡ್ರೋಮ್ ಅಂತ ಲಿವರ್, ಮಿದುಳಿಗೆ ಪೆಟ್ಟು ಬೀಳುವ ಕಾಯಿಲೆ ಬರಬಹುದು. ಅಪರೂಪ, ಆದರೆ ಜೀವಕ್ಕೆ ಅಪಾಯ. ಐಬುಪ್ರೊಫೆನ್ ಕೂಡ ಡಾಕ್ಟರನ್ನು ಕೇಳದೆ ಕೊಡಬೇಡಿ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ಮೂಗಿನ ತುದಿ ನೋಡಿ. ಇದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳಿ. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲುಗಳು. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ಇಳಿದಿರುವ ಸಂಭವ ಜಾಸ್ತಿ. ಕಣ್ಣು ಕೆಂಪಾಗದೇ ಇದ್ದರೂ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ತಡವಾದರೆ ದೃಷ್ಟಿಗೇ ಕುತ್ತು.

ಕಿವಿಯ ಒಳಗೆ ಹೊರಗೆ ಗುಳ್ಳೆ ಎದ್ದು, ಬಾಯಿ ಒಂದು ಕಡೆ ಸೊಟ್ಟಗಾದರೆ ಅಥವಾ ಆ ಕಿವಿ ಸರಿಯಾಗಿ ಕೇಳಿಸದಿದ್ದರೆ, ಅದೂ ಅವತ್ತೇ. ಜೋರು ತಲೆನೋವು, ಕತ್ತು ಬಿಗಿಯುವುದು, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು ಇದ್ದರೆ ರಾತ್ರಿಯಾದರೂ ಹೊರಡಿ. ಗುಳ್ಳೆ ಮೈತುಂಬ ಹರಡಿದರೆ, ಕೀವು ತುಂಬಿ ಸುತ್ತ ಕೆಂಪು ಬಾವು ಬಂದರೆ, ಜ್ವರ ಇಳಿಯದಿದ್ದರೆ ಕೂಡ ಕಾಯಬೇಡಿ. ಒಂದು ವರ್ಷದೊಳಗಿನ ಕೂಸು, ಕೀಮೋ ಅಥವಾ ಸ್ಟೀರಾಯ್ಡ್ ಮೇಲಿರುವ ಮಗುವಾದರೆ ಒಂದೇ ಒಂದು ಗೊಂಚಲು ಕಂಡರೂ ಸಾಕು.

ಅಂಟುರೋಗಾನಾ? ತಾತನಿಗೆ ಸರ್ಪಸುತ್ತು, ಮನೆಯಲ್ಲಿ ಐದು ತಿಂಗಳ ಕೂಸಿದೆ.

ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಅದು ಅವರವರ ಮೈಯೊಳಗಿನ ವೈರಸ್ ಏಳುವುದು. ಆದರೆ ಗುಳ್ಳೆಯ ನೀರಿನಲ್ಲಿ ಜೀವಂತ ವೈರಸ್ ಇರುತ್ತದೆ. ಚಿಕನ್ ಪಾಕ್ಸ್ ಬಂದಿಲ್ಲದ, ಲಸಿಕೆಯೂ ಆಗಿಲ್ಲದವರಿಗೆ ಅದು ತಾಗಿದರೆ ಅವರಿಗೆ ಚಿಕನ್ ಪಾಕ್ಸ್ ಬರಬಹುದು. ಅಂದರೆ ತಾತನ ಸರ್ಪಸುತ್ತು ಮೊಮ್ಮಗುವಿಗೆ "ಅಮ್ಮ" ಆಗುತ್ತದೆ.

ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು ಬುಡಾಪೆಸ್ಟಿನ ಮಕ್ಕಳ ಡಾಕ್ಟರು ಯಾನೋಶ್ ಬೊಕೈ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಮನೆಯ ದೊಡ್ಡವರಿಗೆ ಸರ್ಪಸುತ್ತು ಆದ ಮೇಲೆ ಅದೇ ಮನೆಯ ಮಕ್ಕಳಿಗೆ ಚಿಕನ್ ಪಾಕ್ಸ್ ಬರುತ್ತಿತ್ತು. ಎರಡಕ್ಕೂ ಒಂದೇ ವೈರಸ್ ಕಾರಣ ಅಂತ ಅಮೆರಿಕದ ಥಾಮಸ್ ವೆಲ್ಲರ್ 1950ರ ದಶಕದಲ್ಲಿ ಪ್ರಯೋಗಶಾಲೆಯಲ್ಲಿ ವೈರಸ್ ಬೆಳೆಸಿ ತೋರಿಸಿದರು. ಅದು ನರಗಂಟಿನಲ್ಲಿ ಮಲಗಿದ್ದು ಆಮೇಲೆ ಏಳುತ್ತದೆ ಅನ್ನುವ ವಾದವನ್ನು 1965ರಲ್ಲಿ ಗಟ್ಟಿಯಾಗಿ ಮುಂದಿಟ್ಟವರು ಎಡ್ಗರ್ ಹೋಪ್ ಸಿಂಪ್ಸನ್. ಅವರು ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದ ಫ್ಯಾಮಿಲಿ ಡಾಕ್ಟರು. ತಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳನ್ನೇ ಹದಿನಾರು ವರ್ಷ ಲೆಕ್ಕ ಇಟ್ಟು ನೋಡಿದ್ದರು. ನನಗೆ ಈ ಕಥೆ ತುಂಬಾ ಇಷ್ಟ.

ತಾತ ಏನು ಮಾಡಬೇಕು? ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು, ಕೈ ತೊಳೆಯುತ್ತಿರಬೇಕು. ಎಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಕೂಸನ್ನು ಎತ್ತಿಕೊಳ್ಳದಿದ್ದರೆ ಒಳ್ಳೆಯದು. ಟವೆಲ್, ಹಾಸಿಗೆ ಬೇರೆ ಇರಲಿ. ಮನೆಯಲ್ಲಿ ಚಿಕನ್ ಪಾಕ್ಸ್ ಆಗಿರದ ಬಸುರಿ ಇದ್ದರೆ ಅವರೂ ದೂರ ಇರಬೇಕು. ಈಗಾಗಲೇ ಗುಳ್ಳೆಯ ನೀರು ತಾಗಿದೆ ಅಂದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಕೆಲವೇ ದಿನಗಳೊಳಗೆ ಕೊಡಬಹುದಾದ ತಡೆ ಮದ್ದುಗಳಿವೆ.

ಶಾಲೆಗೆ ಯಾವಾಗ ಕಳಿಸಬಹುದು?

ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನ. ಹಕ್ಕಳೆ ಉದುರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಶಾಲೆಯವರು ಡಾಕ್ಟರ ಚೀಟಿ ಕೇಳಿದರು. ಮುಂಚೆಯೇ ಬರೆಸಿಟ್ಟುಕೊಳ್ಳಿ, ಇಲ್ಲದಿದ್ದರೆ ಇನ್ನೊಂದು ಸಲ ಸಾಲಲ್ಲಿ ಕೂರಬೇಕು.

ಸ್ನಾನ ಮಾಡಿಸಬಹುದಾ? ಪಥ್ಯ ಇದೆಯಾ?

ದಿನಾ ಸ್ನಾನ ಮಾಡಿಸಿ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಸೋಪು. ಉಜ್ಜಬೇಡಿ, ಟವೆಲ್ಲಿನಲ್ಲಿ ಒತ್ತಿ ಒರೆಸಿ. ಪಥ್ಯ ಏನೂ ಇಲ್ಲ. ಮಗು ಏನು ತಿನ್ನುತ್ತದೋ ಅದನ್ನು ಕೊಡಿ. ಮೊಟ್ಟೆ, ಬದನೆಕಾಯಿ, ಒಗ್ಗರಣೆ ಯಾವುದಕ್ಕೂ ತಡೆಯಿಲ್ಲ.

ಮಗುವಿಗೆ ಸರ್ಪಸುತ್ತು ಬಂದರೆ ಒಳಗೆ ಕ್ಯಾನ್ಸರ್ ಇರುತ್ತೆ ಅಂತ ಓದಿದೆ.

ಓದಿದ್ದನ್ನು ತಿರುಗಿಸಿ ಓದಿ. ಕ್ಯಾನ್ಸರ್ ಇರುವ ಮಕ್ಕಳಿಗೆ ಸರ್ಪಸುತ್ತು ಬರುವುದು ಜಾಸ್ತಿ, ಅದು ನಿಜ. ಆದರೆ ಸರ್ಪಸುತ್ತು ಬಂದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಚೆನ್ನಾಗಿ ಆಡಿಕೊಂಡು, ತೂಕ ಏರುತ್ತಾ ಇರುವ ಮಗುವಿಗೆ ಒಂದು ಸಲ ಬಂದರೆ ರಕ್ತ ಪರೀಕ್ಷೆಗಳ ಸರಮಾಲೆ ಬೇಕಾಗಿಲ್ಲ. ಮತ್ತೆ ಮತ್ತೆ ಬಂದರೆ, ಒಂದಕ್ಕಿಂತ ಹೆಚ್ಚು ಪಟ್ಟಿಗಳಲ್ಲಿ ಎದ್ದರೆ, ವಾರಗಟ್ಟಲೆ ಒಣಗದಿದ್ದರೆ, ಜೊತೆಗೆ ತೂಕ ಇಳಿಯುತ್ತಿದ್ದರೆ ಡಾಕ್ಟರೇ ಮುಂದಿನ ಪರೀಕ್ಷೆ ಹೇಳುತ್ತಾರೆ.

ಲಸಿಕೆ ಇದೆಯಾ? ಲಸಿಕೆಯಿಂದಲೇ ಸರ್ಪಸುತ್ತು ಬರುತ್ತಂತೆ?

ಮಕ್ಕಳಿಗೆ ಕೊಡುವುದು ಚಿಕನ್ ಪಾಕ್ಸ್ ಲಸಿಕೆ. ಇದನ್ನು 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ತಯಾರಿಸಿದರು. ತಮ್ಮ ಮಗನಿಗೇ ಚಿಕನ್ ಪಾಕ್ಸ್ ಜೋರಾಗಿ ಬಂದು ನರಳಿದ್ದನ್ನು ನೋಡಿ ಈ ಕೆಲಸಕ್ಕೆ ಇಳಿದ ಮನುಷ್ಯ ಅವರು. ಅಮೆರಿಕದಲ್ಲಿ 1995ರಿಂದ ಬಳಕೆಯಲ್ಲಿದೆ. ನಮ್ಮಲ್ಲಿ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ. ಅಂಗನವಾಡಿಯಲ್ಲಿ ಎಲ್ಲ ಹಾಕಿಸಿದ್ದೇವೆ ಅನ್ನುವವರು ಇದನ್ನು ಹಾಕಿಸಿರುವುದಿಲ್ಲ. ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಬೇಕು, ಅಗ್ಗವೂ ಅಲ್ಲ. ಭಾರತದ ಮಕ್ಕಳ ತಜ್ಞರ ಸಂಘ ಎರಡು ಡೋಸ್ ಹಾಕಿಸಿ ಅನ್ನುತ್ತದೆ. ಮೊದಲನೆಯದು ಸುಮಾರು 15 ತಿಂಗಳಿಗೆ. ಎರಡನೆಯದು ಯಾವಾಗ ಅಂತ ನಿಮ್ಮ ಡಾಕ್ಟರು ಕಾರ್ಡಿನಲ್ಲಿ ಬರೆದುಕೊಡುತ್ತಾರೆ.

ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದೂ ನರದಲ್ಲಿ ಮಲಗಬಹುದು, ಅಪರೂಪಕ್ಕೆ ಏಳಲೂಬಹುದು. ಹಾಗಾಗಿ ನೀವು ಕೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಅಮೆರಿಕದಲ್ಲಿ 2003ರಿಂದ 2014ರವರೆಗೆ 63 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿದರು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಸರ್ಪಸುತ್ತು ಶೇ. 78ರಷ್ಟು ಕಡಿಮೆ ಇತ್ತು. ಇನ್ನೇನು ಬೇಕು? ಕೀಮೋ ನಡೆಯುತ್ತಿರುವ ಮಗುವಿಗೆ ಮಾತ್ರ ಜೀವಂತ ಲಸಿಕೆಯನ್ನು ತಜ್ಞರನ್ನು ಕೇಳದೆ ಹಾಕಿಸಬಾರದು.

ಟಿವಿ ಜಾಹೀರಾತಿನಲ್ಲಿ ಬರುವ ಸರ್ಪಸುತ್ತಿನ ಲಸಿಕೆ ಬೇರೆ. ಅದು ದೊಡ್ಡವರಿಗೆ, ಮುಖ್ಯವಾಗಿ ಐವತ್ತು ದಾಟಿದವರಿಗೆ. ಮಕ್ಕಳಿಗೆ ಹಾಕುವುದಿಲ್ಲ.

ಮತ್ತೆ ಬರುತ್ತಾ? ನೋವು ವರ್ಷಗಟ್ಟಲೆ ಇರುತ್ತಾ? ಕಲೆ ಉಳಿಯುತ್ತಾ?

ಆರೋಗ್ಯವಾಗಿರುವ ಮಕ್ಕಳಿಗೆ ಎರಡನೆಯ ಸಲ ಬರುವುದು ಅಪರೂಪ. ಗುಳ್ಳೆ ಮಾಯ್ದ ಮೇಲೂ ತಿಂಗಳುಗಟ್ಟಲೆ ಕಾಡುವ ನರದ ನೋವು ವಯಸ್ಸಾದವರ ಪಾಡು. ಮಕ್ಕಳಲ್ಲಿ ಅದು ತೀರಾ ಕಡಿಮೆ. ಇದನ್ನು ಕೇಳಿದಾಗಲೇ ನಮ್ಮತ್ತೆಯ ಮುಖ ಸಡಿಲವಾಗಿದ್ದು. ಅವರಿಗೆ ಆ ನೋವಿನ ರುಚಿ ಗೊತ್ತು.

ಕಲೆ ಕೆಲವು ತಿಂಗಳು ಇರುತ್ತದೆ, ಕೆರೆದುಕೊಂಡಿದ್ದರೆ ಅಥವಾ ಕೀವಾಗಿದ್ದರೆ ಕೆಲವು ಉಳಿದೇಬಿಡಬಹುದು. ನಮ್ಮವಳಿಗೆ ಬೆನ್ನಲ್ಲಿ ಅಕ್ಕಿಕಾಳಿನಷ್ಟು ಎರಡು ತಿಳಿ ಕಲೆ ಉಳಿದಿವೆ. ಅವಳು ಅವನ್ನು ಹಾವಿನ ಕಣ್ಣು ಅನ್ನುತ್ತಾಳೆ.